ಶಾಂತಿನಿಕೇತನದ ಜಪಾನಿ ಪಾಠಕ್ಕೆ ಮೂರು ಹುಟ್ಟಿದ ವರ್ಷ

ಶಾಂತಿನಿಕೇತನದಲ್ಲಿ ಟ್ಯಾಗೋರರು ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯದಲ್ಲಿ ಜಪಾನಿ ವಿಭಾಗದ ಮನೆ ನಿಪ್ಪಾನ್ ಭವನ. ಅದಕ್ಕೆ ಎಷ್ಟು ವಯಸ್ಸು? ಕಟ್ಟಡದ ಲೆಕ್ಕ ಹಿಡಿದರೆ 1994. ವಿಭಾಗದ ಲೆಕ್ಕವಾದರೆ 1954. ಹಳೇ ಕಥೆ ಕೆದಕುವವರು 1905ಕ್ಕೇ ಹೋಗುತ್ತಾರೆ. ನನಗೂ ಆ ಕಡೆಯೇ ಒಲವು.

ಆದರೆ ಮೊದಲು ಬಂದದ್ದು ಮೇಷ್ಟ್ರಲ್ಲ, ವಿದ್ಯಾರ್ಥಿ. 1902ರಲ್ಲಿ ಕಲಾಚಿಂತಕ ಒಕಾಕುರಾ ತೆನ್‌ಶಿನ್ ಕಲ್ಕತ್ತೆಗೆ ಬಂದರಲ್ಲ, ಅವರ ಜೊತೆಗಿದ್ದ ತರುಣ ಭಿಕ್ಷು ಹೋರಿ ಶಿತೊಕು ಸಂಸ್ಕೃತ ಕಲಿಯಲೆಂದು ಶಾಂತಿನಿಕೇತನ ಸೇರಿದರು. ಮೂರು ವರ್ಷದ ಮೇಲೆ ಟ್ಯಾಗೋರರ ಕೋರಿಕೆಯಂತೆ ಸಾನೊ ಜಿನ್ನೊಸುಕೆ ಬಂದಿಳಿದರು, ಜುಜುತ್ಸು ಎಂಬ ಜಪಾನಿ ಮಲ್ಲವಿದ್ಯೆ ಕಲಿಸಲು. ಅದರ ಜೊತೆಗೇ ಜಪಾನಿಯನ್ನೂ ಹೇಳಿಕೊಟ್ಟರು. ಈ ವಿದ್ಯೆಯಲ್ಲಿ ಮೊದಲ ಪಾಠವೇ ಪೆಟ್ಟಾಗದಂತೆ ಬೀಳುವುದು, ಅದರ ಹೆಸರು ಉಕೆಮಿ. ಬಂಗಾಳದ ಆ ಹುಡುಗರ ನಾಲಿಗೆಗೆ ಹತ್ತಿದ ಮೊದಲ ಜಪಾನಿ ಪದ ಅದೇ ಇದ್ದೀತು. ಸಾನೊ ತಾವು ಬಂಗಾಳಿ ಕಲಿತು, ಮುಂದೆ ಟ್ಯಾಗೋರರ 'ಗೋರಾ'ವನ್ನು ಜಪಾನಿಗೆ ತಂದರು. 1929ರಲ್ಲಿ ಜೂಡೋ ಗುರು ತಕಾಗಾಕಿ ಶಿಂಜೊ ಬಂದಾಗ ಹುಡುಗಿಯರೂ ಅಖಾಡಕ್ಕಿಳಿದರು.

ಇಷ್ಟು ಸಲಿಗೆಯಿದ್ದೂ ಸ್ವಂತ ಮನೆ ಮೊದಲು ಸಿಕ್ಕಿದ್ದು ಚೀನೀ ಭಾಷೆಗೆ: 1937ರಲ್ಲಿ ಚೀನಾ ಭವನ ತೆರೆಯಿತು. ಅದೇ ವರ್ಷ ಜಪಾನ್ ಚೀನಾದ ಮೇಲೆ ಏರಿಹೋಯಿತು. ಮರುವರ್ಷ ಕವಿ ಯೋನೆ ನೊಗುಚಿ ಆ ಯುದ್ಧವನ್ನು ಸಮರ್ಥಿಸಿ ಟ್ಯಾಗೋರರಿಗೆ ಪತ್ರ ಬರೆದರು. ತಾವು ಪ್ರೀತಿಸುವ ಜಪಾನಿನ ಜನಕ್ಕೆ ಗೆಲುವಲ್ಲ, ಪಶ್ಚಾತ್ತಾಪ ಸಿಗಲಿ ಎಂಬುದು ಟ್ಯಾಗೋರರ ಉತ್ತರ. ಹಳೆಯ ಸ್ನೇಹ ಅಲ್ಲಿಗೆ ಮುರಿಯಿತು.

ಮುಂದೆ ಮಹಾಯುದ್ಧ, ಸ್ವಾತಂತ್ರ್ಯ, 1951ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯದ ಪಟ್ಟ, 1954ರಲ್ಲಿ ಜಪಾನಿ ವಿಭಾಗ. ವಿಭಾಗವೇನೋ ಆಯಿತು, ಸ್ವಂತ ಸೂರಿಗೆ ಮತ್ತೆ ನಲವತ್ತು ವರ್ಷ. 1967ರಿಂದ ಕೆಲವು ವರ್ಷ ಇಲ್ಲಿ ಪಾಠ ಮಾಡಿದ ಅಜುಮಾ ಕಜುವೊ ಊರಿಗೆ ಮರಳಿದ ಮೇಲೂ ಸುಮ್ಮನಿರಲಿಲ್ಲ. ಟ್ಯಾಗೋರರನ್ನು ಅನುವಾದಿಸುತ್ತಲೇ ಅಲ್ಲಿನ ಜನರಿಂದ ಭವನಕ್ಕಾಗಿ ಹಣ ಕೂಡಿಸಿದರು. ಸರ್ಕಾರಿ ಕಡತಕ್ಕಿಂತ ಒಬ್ಬ ಮೇಷ್ಟ್ರ ಹಟವೇ ಚುರುಕಾಗಿತ್ತು ಎನ್ನಬೇಕು.

ಈಗ ಜಪಾನಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಕೆಲಸ. ಬೆಂಗಳೂರಿನಲ್ಲಂತೂ ಜಪಾನಿ ಭಾಷಾ ಪರೀಕ್ಷೆಯ ಮೊದಲ ಮೆಟ್ಟಿಲುಗಳಾದ ಎನ್5, ಎನ್4ಗಳದ್ದೇ ಮಾತು. ವಾಕ್ಯದ ಕೊನೆಗೆ ಕ್ರಿಯಾಪದ ಇಡುವುದು ಕನ್ನಡದವರಿಗೆ ಕಷ್ಟವೇನಲ್ಲ. ಸುಸ್ತು ಮಾಡುವುದು ನಿತ್ಯಬಳಕೆಯದೆಂದು ಪಟ್ಟಿ ಮಾಡಿಟ್ಟಿರುವ 2,136 ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳು.