ಒಳಗಿನ ದನಿ ಗದರುತ್ತಿದ್ದರೆ: ಕರುಣೆ ಆಧಾರಿತ ಕೌನ್ಸೆಲಿಂಗ್ ಟಿಪ್ಪಣಿ

ಈ ಪಾಠದಲ್ಲಿ ನನ್ನ ತಲೆಗೆ ಬೇಗ ಹತ್ತದೇ ಇದ್ದದ್ದು ಒಂದೇ: ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸರಿ-ತಪ್ಪು ಎನ್ನದೆ ಗಮನಿಸುವುದು) ಇದ್ದ ಮೇಲೆ ತನ್ನ ಬಗೆಗಿನ ಕರುಣೆಯನ್ನು ಬೇರೆಯಾಗಿ ಯಾಕೆ ಕಲಿಸಬೇಕು?

ಮೈಂಡ್‌ಫುಲ್‌ನೆಸ್ ಕಥೆ ಬೇಗ ಮುಗಿಸುತ್ತೇನೆ. 1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಶುರುಮಾಡಿದ ತರಬೇತಿ ಮುಂದೆ 8 ವಾರದ ಕೋರ್ಸ್ ಎಂದೇ ಹೆಸರಾಯಿತು. ಮನಶ್ಶಾಸ್ತ್ರಜ್ಞರಾದ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಮೂವರೂ ಸೇರಿ ಅದನ್ನು ಖಿನ್ನತೆ ಮರುಕಳಿಸದಂತೆ ತಡೆಯಲು ಹೊಂದಿಸಿಕೊಂಡರು. ಇಲ್ಲಿ ಕಲಿಸುವುದು ಇಷ್ಟು: ‘ನಾನು ಯಾವ ಕೆಲಸಕ್ಕೂ ಬಾರದವನು’ ಅನ್ನುವುದು ಬಂದು ಹೋಗುವ ಒಂದು ಯೋಚನೆ, ಅಷ್ಟೇ. ಅದನ್ನು ಓಡಿಸಬೇಡ, ಅದರ ಹಿಂದೆ ಓಡಲೂ ಬೇಡ.

ಸರಿ, ಆದರೆ ನೋಡುವ ಕಣ್ಣೇ ಕಟುವಾಗಿದ್ದರೆ? ಕರುಣೆ ಆಧಾರಿತ ಚಿಕಿತ್ಸೆ ರೂಪಿಸಿದ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್ ಹಿಡಿದದ್ದು ಇದನ್ನೇ. ಕೆಲವರು ‘ಇದು ನನ್ನ ತಪ್ಪಲ್ಲ’ ಎಂಬ ಸರಿಯಾದ ಉತ್ತರವನ್ನು ಚೆನ್ನಾಗಿ ಕಲಿತಿರುತ್ತಾರೆ, ಆದರೆ ತಲೆಯೊಳಗೆ ಅದನ್ನೂ ಗದರಿಸುವ ದನಿಯಲ್ಲೇ ಹೇಳಿಕೊಳ್ಳುತ್ತಾರೆ. ಮಾತು ಬದಲಾಗಿದೆ, ದನಿ ಬದಲಾಗಿಲ್ಲ. ಮನಸ್ಸಿನಲ್ಲಿ ಮೂರು ವ್ಯವಸ್ಥೆಗಳಿವೆ ಎನ್ನುತ್ತಾರೆ ಗಿಲ್ಬರ್ಟ್: ಅಪಾಯ ಕಂಡು ಬೆದರುವುದು, ಬೇಕಾದದ್ದರ ಬೆನ್ನು ಹತ್ತುವುದು, ನೆಮ್ಮದಿಯಾಗಿ ತಣಿಯುವುದು. ಸದಾ ಬೈಸಿಕೊಂಡು ಬೆಳೆದವರಲ್ಲಿ ಮೂರನೆಯದಕ್ಕೆ ಅಭ್ಯಾಸವೇ ಇರುವುದಿಲ್ಲ. ಅದಕ್ಕೇ ಈ ಚಿಕಿತ್ಸೆಯಲ್ಲಿ ನಿಧಾನದ, ಒಂದೇ ಲಯದ ಉಸಿರಾಟದಿಂದ ಶುರು. (ಇದು ಮಿದುಳಿನ ನಕ್ಷೆ ಅಲ್ಲ, ಅರ್ಥ ಮಾಡಿಕೊಳ್ಳಲು ಒಂದು ಚಿತ್ರ, ಅಷ್ಟೇ.)

ಪರೀಕ್ಷೆಗೆ ಓದುವವರು ಹಾರಿಸಿಬಿಡುವ ಭಾಗ ಮುಂದಿನದು, ನನಗಂತೂ ಇದೇ ಮುಖ್ಯ. ಕರುಣೆ ಸಿಕ್ಕ ಕೂಡಲೇ ಹಾಯೆನಿಸಬೇಕು ಅಂದುಕೊಳ್ಳುತ್ತೇವೆ ಅಲ್ವಾ? ಎಷ್ಟೋ ಜನಕ್ಕೆ ಉಲ್ಟಾ ಆಗುತ್ತದೆ: ಅಳು ಉಕ್ಕುತ್ತದೆ, ನಾಚಿಕೆಯಾಗುತ್ತದೆ, ಸಿಟ್ಟೂ ಬರುತ್ತದೆ. ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಜೊತೆ ಸ್ವ-ಕರುಣೆಯ ತರಬೇತಿ ರೂಪಿಸಿದ ಕ್ರಿಸ್ಟಫರ್ ಗರ್ಮರ್ ಇದಕ್ಕೆ ಅಗ್ನಿಶಾಮಕದವರ ‘ಬ್ಯಾಕ್‌ಡ್ರಾಫ್ಟ್’ ಎಂಬ ಪದ ಬಳಸುತ್ತಾರೆ. ಮುಚ್ಚಿದ ಕೋಣೆಯೊಳಗೆ ಬೆಂಕಿ ಗಾಳಿಯಿಲ್ಲದೆ ಕುಗ್ಗಿರುತ್ತದೆ, ಬಾಗಿಲು ತೆರೆದ ತಕ್ಷಣ ಗಾಳಿ ನುಗ್ಗಿ ಭಗ್ಗೆಂದು ಹೊರಗೆ ಚಾಚುತ್ತದೆ. ಪ್ರೀತಿ ಸಿಕ್ಕಾಗಲೇ ಅದು ಹಿಂದೆ ಸಿಗದೇ ಹೋದದ್ದೂ ನೆನಪಾಗುವುದು.

ಆಗ ಥೆರಪಿಸ್ಟ್ ‘ಇನ್ನೂ ಸ್ವಲ್ಪ ಪ್ರಯತ್ನಿಸಿ’ ಅನ್ನಬಾರದು. ಅಂಗಾಲು ನೆಲಕ್ಕೆ ತಾಗುತ್ತಿರುವುದರ ಕಡೆ ಗಮನ ತರಿಸಬಹುದು. ಕಣ್ಣು ಮುಚ್ಚಲು ಭಯವಾದರೆ ತೆರೆದೇ ಇರಲಿ. ಅಭ್ಯಾಸ ಅಲ್ಲಿಗೇ ನಿಲ್ಲಿಸುವುದೂ ಕರುಣೆಯೇ.

ಜೋಡಿಯಾಗಿ ಅಭ್ಯಾಸ ಮಾಡುವಾಗ ನಾನು ‘ನಿಧಾನ, ಅವಸರ ಇಲ್ಲ’ ಅನ್ನುವುದನ್ನೇ ಅವಸರದಲ್ಲಿ ಹೇಳಿ ಮುಗಿಸಿದ್ದೆ. ಎದುರಿಗಿದ್ದವರು ನಕ್ಕುಬಿಟ್ಟರು.