ಕಪ್ಪುಕುಳಿಯ ಹೊರಗಿನ ಗದ್ದಲ

ಸುದ್ದಿಯ ಶೀರ್ಷಿಕೆಗಳಲ್ಲಿ ಕಪ್ಪುಕುಳಿ ಯಾವಾಗಲೂ ಬಕಾಸುರನೇ. ಎಕ್ಸ್-ಕಿರಣಗಳ ಮೂಲಕ ಅದನ್ನು ನೋಡುವ ನಮಗೆ ಈ ವರ್ಣನೆ ಒಪ್ಪುವುದಿಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿ ಇದ್ದಿದ್ದರೂ ಭೂಮಿ ಈಗಿನ ಕಕ್ಷೆಯಲ್ಲೇ ಸುತ್ತುತ್ತಿತ್ತು. ನಾವು ಸಾಯುತ್ತಿದ್ದುದು ಚಳಿಯಿಂದ. ನಮ್ಮ ಕ್ಷೀರಪಥದ ಕೇಂದ್ರದಲ್ಲಿ 40 ಲಕ್ಷ ಸೂರ್ಯರಷ್ಟು ಭಾರದ ಕುಳಿಯೊಂದಿದೆ. 2018ರಲ್ಲಿ ಎಸ್2 ಎಂಬ ನಕ್ಷತ್ರ ಸೆಕೆಂಡಿಗೆ 7,000 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಅದರ ಸಮೀಪಕ್ಕೆ ಹೋಗಿ, ಸುರಕ್ಷಿತವಾಗಿ ಹಿಂತಿರುಗಿತು. 16 ವರ್ಷಕ್ಕೊಮ್ಮೆ ಅದು ಹೀಗೆ ಬಂದು ಹೋಗುತ್ತಲೇ ಇರುತ್ತದೆ.

ನಿಜವಾದ ವಿಚಿತ್ರವೆಂದರೆ ಕಪ್ಪುಕುಳಿಯ ಸರಳತೆ. ನಕ್ಷತ್ರ ಬಿದ್ದರೂ ಧೂಳು ಬಿದ್ದರೂ ಹೊರಗಿನವರಿಗೆ ಉಳಿಯುವ ವಿವರ ದ್ರವ್ಯರಾಶಿ ಮತ್ತು ಭ್ರಮಣ, ಅಷ್ಟೇ. (ವಿದ್ಯುದಾವೇಶವನ್ನೂ ಸೇರಿಸಬಹುದು, ವ್ಯವಹಾರದಲ್ಲಿ ಅದು ಲೆಕ್ಕಕ್ಕಿಲ್ಲ.) ಕದಡಿದ ಕಪ್ಪುಕುಳಿ ತನ್ನದೇ ಆವರ್ತನದಲ್ಲಿ ಕೊಂಚ ಕಂಪಿಸಿ ಶಾಂತವಾಗುತ್ತದೆ ಎಂದು 1970ರಲ್ಲೇ ತೋರಿಸಿಕೊಟ್ಟವರು ಬೆಂಗಳೂರಿನ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯ ಹಿಡಿದ, ಎರಡು ಕಪ್ಪುಕುಳಿಗಳು ಒಂದಾದಾಗ ಹೊರಟ ಮೊದಲ ಗುರುತ್ವ ಅಲೆಯ (ದೇಶಕಾಲದಲ್ಲಿ ಹಬ್ಬುವ ಅದುರಿನ) ಕೊನೆಯ ಭಾಗದಲ್ಲಿ ಕಂಡದ್ದು ಇಂಥದೇ ಕಂಪನ. ಅದನ್ನು ನೋಡಲು ಅವರು ಬದುಕಿದ್ದರು ಎಂಬುದು ನನಗೆ ಇಂದಿಗೂ ಸಂತೋಷದ ಸಂಗತಿ.

ಗದ್ದಲವೆಲ್ಲ ಹೊರಗೆ. ಸುತ್ತುತ್ತಾ ಬರುವ ಅನಿಲ ನೇರವಾಗಿ ಒಳಗೆ ಬೀಳಲಾರದು. ತಟ್ಟೆಯಾಗಿ ಹರಡಿಕೊಂಡು, ಪದರಕ್ಕೆ ಪದರ ಉಜ್ಜಿ ಕಾಯುತ್ತದೆ. ನಕ್ಷತ್ರಗಳನ್ನು ಬೆಳಗಿಸುವ ಹೈಡ್ರೋಜನ್ ಸಮ್ಮಿಳನದಲ್ಲಿ ದ್ರವ್ಯದ ಶೇ 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ. ಇಲ್ಲಿ ಕುಳಿಯ ಭ್ರಮಣವನ್ನು ಅವಲಂಬಿಸಿ ಶೇ 6ರಿಂದ 40ರವರೆಗೂ ಆಗಬಹುದು. ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಅಳೆಯುವ ಎಕ್ಸ್-ಕಿರಣಗಳಲ್ಲಿ ಎಷ್ಟೋ ಈ ಕಾದ ತಟ್ಟೆಗಳಿಂದಲೇ ಹೊರಟವು.

ಆ ಶಕ್ತಿ ಎಷ್ಟು ದೂರ ಕೈಚಾಚುತ್ತದೆ ಎಂಬುದಕ್ಕೆ ಸುಮಾರು 24 ಕೋಟಿ ಜ್ಯೋತಿರ್ವರ್ಷ ಆಚೆಯ ಪರ್ಸಿಯಸ್ ಗೆಲಾಕ್ಸಿ ಗುಚ್ಛ ಸಾಕ್ಷಿ. ಅಲ್ಲಿ ಗೆಲಾಕ್ಸಿಗಳ ನಡುವೆ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ ತುಂಬಿದೆ. ಲೆಕ್ಕದ ಪ್ರಕಾರ ನಡುಭಾಗದ ಅನಿಲ ಎಂದೋ ತಣಿದು, ರಾಶಿ ರಾಶಿ ಹೊಸ ನಕ್ಷತ್ರಗಳಾಗಬೇಕಿತ್ತು. ಅಷ್ಟು ಆಗಿಲ್ಲ. ಕೇಂದ್ರದ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಧಾರೆಗಳು ಆ ಅನಿಲದಲ್ಲಿ ದೈತ್ಯ ಗುಳ್ಳೆಗಳನ್ನು ಊದಿವೆ. ಅವುಗಳ ಸುತ್ತ ಹಬ್ಬಿದ ಒತ್ತಡದ ಅಲೆಗಳನ್ನು ನಾಸಾದ ‘ಚಂದ್ರ’ ಎಕ್ಸ್-ಕಿರಣ ದೂರದರ್ಶಕ 2003ರಲ್ಲಿ ತೋರಿಸಿತು. ದೊಡ್ಡ ಗೆಲಾಕ್ಸಿಗಳು ಇನ್ನೂ ದೊಡ್ಡದಾಗದಂತೆ ತಡೆಯುವುದು ಈ ಕಾವೇ ಎಂಬುದು ನಮ್ಮಲ್ಲಿ ಬಹುತೇಕರ ಅಭಿಪ್ರಾಯ, ನನ್ನದೂ ಹೌದು.

ಆದರೆ ಜಪಾನಿನ ಹಿತೋಮಿ ಉಪಗ್ರಹ 2016ರಲ್ಲಿ, ಕೆಟ್ಟುಹೋಗುವ ಮುನ್ನ, ಅದೇ ಅನಿಲದ ಕದಡಾಟದ ವೇಗವನ್ನು ಅಳೆದಾಗ ಸೆಕೆಂಡಿಗೆ ಸುಮಾರು 164 ಕಿಲೋಮೀಟರ್ ಮಾತ್ರ ಸಿಕ್ಕಿತು. ನಿರೀಕ್ಷೆಗೆ ಹೋಲಿಸಿದರೆ ಇದು ತೀರಾ ಸೌಮ್ಯ. ಇಷ್ಟು ಶಾಂತವಾದ ಅನಿಲದಲ್ಲಿ ಶಾಖ ಅಷ್ಟು ದೂರಕ್ಕೆ ಹೇಗೆ ಹಂಚಿಹೋಗುತ್ತದೆ ಎಂಬ ಜಗಳ ನಮ್ಮ ವಿಚಾರ ಸಂಕಿರಣಗಳಲ್ಲಿ ಇನ್ನೂ ನಿಂತಿಲ್ಲ.