ಮೂಲ ಯಾವುದು, ಪ್ರಕ್ಷೇಪ ಯಾವುದು? ‘ಲೆಟ್ ಇಟ್ ಬಿ’ಯ ಐವತ್ತು ವರ್ಷದ ವ್ಯಾಜ್ಯ

1970ರ ಮಾರ್ಚ್ 6ರಂದು ಬೀಟಲ್ಸ್ ತಂಡದ ‘ಲೆಟ್ ಇಟ್ ಬಿ’ ಸಿಂಗಲ್, ಅಂದರೆ ಒಂದೆರಡು ಹಾಡಿನ ಚಿಕ್ಕ ರೆಕಾರ್ಡ್, ಬ್ರಿಟನ್ನಿನ ಅಂಗಡಿಗಳಿಗೆ ಬಂತು. ಎರಡು ತಿಂಗಳ ಮೇಲೆ, ಮೇ 8ಕ್ಕೆ, ಅದೇ ಹೆಸರಿನ ಆಲ್ಬಮ್ಮಿನ ದೊಡ್ಡ ರೆಕಾರ್ಡ್, ಅಂದರೆ ಎಲ್‌ಪಿ. ಎರಡನ್ನೂ ಕೊಂಡು ಒಂದಾದ ಮೇಲೊಂದು ಹಾಕಿ ಕೇಳಿದವರಿಗೆ ವಿಚಿತ್ರವೆನಿಸಿರಬೇಕು. ಹಾಡು ಅದೇ, ಪಿಯಾನೋ ಅದೇ, ಪಾಲ್ ಮಕಾರ್ಟ್ನಿಯವರ ದನಿಯೂ ಅದೇ. ನಡುವೆ ಬರುವ ಗಿಟಾರ್ ಸೋಲೋ ಮಾತ್ರ ಬೇರೆ. ಸಿಂಗಲ್‌ನಲ್ಲಿ ಅದು ಮೆತ್ತಗೆ ತೇಲಿ ಬರುತ್ತದೆ, ಎಲ್‌ಪಿಯಲ್ಲಿ ಒರಟಾಗಿ ನುಗ್ಗುತ್ತದೆ. ಎರಡನ್ನೂ ನುಡಿಸಿದವರು ಜಾರ್ಜ್ ಹ್ಯಾರಿಸನ್. ಒಂದನ್ನು 1969ರ ಏಪ್ರಿಲ್ 30ರಂದು, ಇನ್ನೊಂದನ್ನು 1970ರ ಜನವರಿ 4ರಂದು. ಎರಡೂ 1969ರ ಜನವರಿ 31ರಂದು ಒಂದು ಸಲಕ್ಕೆ ನುಡಿಸಿ ಮುದ್ರಿಸಿದ ಒಂದೇ ಟೇಕ್‌ನ ಮೇಲೆ ಕೂರಿಸಿದ್ದು. ಇವೆರಡರಲ್ಲಿ ನಿಜವಾದ ಸೋಲೋ ಯಾವುದು ಎಂಬ ವಾದ ಅಭಿಮಾನಿಗಳ ನಡುವೆ ಇವತ್ತಿಗೂ ನಡೆದಿದೆ.

ವಾದ ಒಂದು ಸೋಲೋಗೆ ನಿಂತಿದ್ದರೆ ಎಂದೋ ತಣ್ಣಗಾಗುತ್ತಿತ್ತು. ಇಡೀ ಆಲ್ಬಮ್ಮಿನ ಕಥೆಯೇ ಹಾಗಿದೆ. 1970ರ ಎಲ್‌ಪಿ ಒಂದು, 2003ರ ‘ಲೆಟ್ ಇಟ್ ಬಿ... ನೇಕೆಡ್’ ಇನ್ನೊಂದು, 2021ರ ಹೊಸ ಮಿಕ್ಸ್ (ಬೇರೆ ಬೇರೆ ದನಿ, ವಾದ್ಯಗಳ ಸದ್ದನ್ನು ಹೊಸದಾಗಿ ಬೆರೆಸಿದ ರೂಪ) ಮತ್ತೊಂದು. ಇವೆಲ್ಲಕ್ಕಿಂತ ಮೊದಲು ತಯಾರಾಗಿ, 2021ರಲ್ಲಷ್ಟೇ ಅಧಿಕೃತವಾಗಿ ಹೊರಬಂದ ‘ಗೆಟ್ ಬ್ಯಾಕ್’ ನಾಲ್ಕನೆಯದು. ಹಳೆಯ ಕಾವ್ಯ ಓದುವ ಕನ್ನಡಿಗರಿಗೆ ಇಂಥ ಪಾಡು ಹೊಸದಲ್ಲ. ಓಲೆಗರಿಗಳ ಪಾಠಾಂತರಗಳನ್ನು ಎದುರಿಟ್ಟುಕೊಂಡು ಮೂಲ ಯಾವುದು, ನಡುವೆ ಸೇರಿದ ಪ್ರಕ್ಷೇಪ ಯಾವುದು ಎಂದು ನಮ್ಮ ಗ್ರಂಥ ಸಂಪಾದಕರು ತಲೆಮಾರುಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಶೂನ್ಯಸಂಪಾದನೆಯೇ ನಾಲ್ವರ ಕೈಯಲ್ಲಿ ನಾಲ್ಕು ರೂಪ ತಾಳಿತು. ಓಲೆಗರಿಯ ಕಾಲದ ಸಮಸ್ಯೆ ಕಾಂತಟೇಪಿನ ಕಾಲದಲ್ಲಿ, ಹಾಡಿದವರು ಕಣ್ಣೆದುರೇ ಇರುವಾಗಲೂ ಹೇಗೆ ಹುಟ್ಟಿತು ಎಂಬುದು ನನ್ನನ್ನು ಸದಾ ಕಾಡುವ ಪ್ರಶ್ನೆ.

ಶುರುವಾದದ್ದು ಒಂದು ಸರಳವಾದ ಆಸೆಯಿಂದ. 1966ರ ನಂತರ ಬೀಟಲ್ಸ್ ಕಛೇರಿ ಕೊಡುವುದನ್ನು ನಿಲ್ಲಿಸಿ ಸ್ಟುಡಿಯೋದಲ್ಲೇ ಪದರದ ಮೇಲೆ ಪದರ ಕಟ್ಟುತ್ತ ಹಾಡು ಮಾಡುತ್ತಿದ್ದರು. 1969ರ ಜನವರಿ 2ರಂದು ಲಂಡನ್ನಿನ ಟ್ವಿಕನಮ್ ಫಿಲ್ಮ್ ಸ್ಟುಡಿಯೋದಲ್ಲಿ ಸೇರಿದಾಗ ಅವರ ಉದ್ದೇಶ ಇದಕ್ಕೆ ತದ್ವಿರುದ್ಧ. ನಾಲ್ವರೂ ಒಟ್ಟಿಗೆ ಕೂತು ನುಡಿಸಬೇಕು, ಆಮೇಲೆ ಏನನ್ನೂ ಸೇರಿಸಬಾರದು, ನುಡಿಸಿದ್ದೇ ಆಲ್ಬಮ್ ಆಗಬೇಕು. ನಿರ್ದೇಶಕ ಮೈಕೆಲ್ ಲಿಂಡ್ಸೆ-ಹಾಗ್ ಎಲ್ಲವನ್ನೂ ಚಿತ್ರೀಕರಿಸುತ್ತಿದ್ದರು. ಜನವರಿ 10ರಂದು ಹ್ಯಾರಿಸನ್ ಬೇಸತ್ತು ಎದ್ದು ಹೋದರು. ಅವರು ಮರಳಿದ ಮೇಲೆ ಜಾಗ ಬದಲಾಯಿತು, ಸೆವಿಲ್ ರೋನಲ್ಲಿದ್ದ ತಮ್ಮದೇ ಆಪಲ್ ಎಂಬ ಸಂಗೀತ ಕಂಪನಿಯ ನೆಲಮಾಳಿಗೆಗೆ ಬಂದರು. ಅಲ್ಲಿ ಹೊಸದಾಗಿ ಕಟ್ಟಿಸಿದ್ದ ಸ್ಟುಡಿಯೋ ಕೆಲಸಕ್ಕೆ ಬಾರದೆ, ರೆಕಾರ್ಡ್ ಕಂಪನಿ ಇಎಂಐನಿಂದ ಸಲಕರಣೆ ತರಿಸಿಕೊಳ್ಳಬೇಕಾಯಿತು. ಕೀಬೋರ್ಡ್ ವಾದಕ ಬಿಲ್ಲಿ ಪ್ರೆಸ್ಟನ್ ಜನವರಿ 22ರಂದು ಜೊತೆಗೂಡಿದರು. ಜನವರಿ 30ರಂದು ಅದೇ ಕಟ್ಟಡದ ತಾರಸಿಯ ಮೇಲೆ, ಚಳಿಗಾಳಿಯಲ್ಲಿ, ನಲವತ್ತು ನಿಮಿಷದ ಆ ಪ್ರಸಿದ್ಧ ಕಛೇರಿ ನಡೆಯಿತು. ‘ಡಿಗ್ ಎ ಪೋನಿ’, ‘ಐ ಹ್ಯಾವ್ ಗಾಟ್ ಎ ಫೀಲಿಂಗ್’, ‘ಒನ್ ಆಫ್ಟರ್ 909’ ಎಲ್‌ಪಿಗೆ ಬಂದದ್ದು ಆ ತಾರಸಿಯಿಂದಲೇ. ಮರುದಿನಕ್ಕೆ ಕೆಲಸ ಮುಗಿಯಿತು.

ಮುಗಿದದ್ದು ನುಡಿಸುವ ಕೆಲಸ. ಉಳಿದದ್ದು ಟೇಪುಗಳ ರಾಶಿ, ಅದನ್ನು ಕೂತು ಕೇಳುವ ತಾಳ್ಮೆ ನಾಲ್ವರಲ್ಲಿ ಯಾರಿಗೂ ಇರಲಿಲ್ಲ. ಆ ಹೊರೆಯನ್ನು ಎಂಜಿನಿಯರ್ ಗ್ಲಿನ್ ಜಾನ್ಸ್ ಅವರ ಹೆಗಲಿಗೆ ದಾಟಿಸಿದರು. 1969ರ ಮೇ ತಿಂಗಳಲ್ಲಿ ಜಾನ್ಸ್ ‘ಗೆಟ್ ಬ್ಯಾಕ್’ ಎಂಬ ಆಲ್ಬಮ್ ಕಟ್ಟಿಕೊಟ್ಟರು. ತಪ್ಪಿದ ಆರಂಭಗಳು, ನಗು, ಹಾಡಿನ ನಡುವಿನ ಹರಟೆ, ಎಲ್ಲವನ್ನೂ ಹಾಗೇ ಬಿಟ್ಟಿದ್ದರು. ನಾಲ್ವರು ಒಂದು ಕೋಣೆಯಲ್ಲಿ ಕೂತಿದ್ದಾರೆ, ನೀವು ಬಾಗಿಲಲ್ಲಿ ನಿಂತು ಕೇಳುತ್ತಿದ್ದೀರಿ, ಹಾಗೆ. ರಕ್ಷಾಪುಟಕ್ಕೂ ಸಿದ್ಧತೆ ನಡೆದಿತ್ತು. 1963ರ ಮೊದಲ ಎಲ್‌ಪಿಯ ಚಿತ್ರ ತೆಗೆದಿದ್ದ ಇಎಂಐ ಕಚೇರಿಯ ಅದೇ ಮೆಟ್ಟಿಲಲ್ಲಿ, ಅದೇ ಭಂಗಿಯಲ್ಲಿ, ಅದೇ ಛಾಯಾಗ್ರಾಹಕ ಆಂಗಸ್ ಮೆಕ್‌ಬೀನ್ ಮತ್ತೆ ಕ್ಲಿಕ್ಕಿಸಿದ್ದರು. ತಂಡ ಆಲ್ಬಮ್ಮನ್ನು ಒಪ್ಪಲಿಲ್ಲ. 1970ರ ಜನವರಿಯಲ್ಲಿ ಜಾನ್ಸ್ ಎರಡನೆಯ ರೂಪ ಮಾಡಿದರು, ಅದೂ ಬೇಡವಾಯಿತು. ಮೆಟ್ಟಿಲಿನ ಆ ಚಿತ್ರ 1973ರ ‘ನೀಲಿ’ ಸಂಕಲನದ ಮೇಲೆ ಕೂತಿತು. ಟೇಪಿನ ನಕಲುಗಳು ಅಷ್ಟರಲ್ಲೇ ಅಮೆರಿಕದ ರೇಡಿಯೋಗಳಿಗೆ ಸೋರಿ, ಅಲ್ಲಿಂದ ಬೂಟ್‌ಲೆಗ್ ಎಲ್‌ಪಿಗಳಾಗಿ ಕೈಯಿಂದ ಕೈಗೆ ಹೋದವು. ಅಧಿಕೃತ ಆಲ್ಬಮ್ ಬರುವ ಮೊದಲೇ ಕಳ್ಳ ಆಲ್ಬಮ್ ಕೇಳಿದ ಅಭಿಮಾನಿಗಳಿದ್ದರು. ಮುಂದಿನ ಜಗಳದ ಬೀಜ ಇಲ್ಲಿದೆ: ಹೋಲಿಸಿ ನೋಡಲು ಅವರ ಬಳಿ ಇನ್ನೊಂದು ಪಾಠ ಮೊದಲೇ ಇತ್ತು.

1970ರ ಮಾರ್ಚ್‌ನಲ್ಲಿ ಟೇಪುಗಳು ಅಮೆರಿಕದ ನಿರ್ಮಾಪಕ ಫಿಲ್ ಸ್ಪೆಕ್ಟರ್ ಕೈಗೆ ಬಂದವು. ವಾದ್ಯಗಳನ್ನು ಗೋಡೆಯಂತೆ ಒತ್ತೊತ್ತಾಗಿ ಪೇರಿಸುವುದಕ್ಕೆ ಹೆಸರಾದವರು, ಅಂದರೆ ‘ಏನನ್ನೂ ಸೇರಿಸಬಾರದು’ ಎಂಬ ಆಲ್ಬಮ್ಮಿಗೆ ಇದಕ್ಕಿಂತ ದೂರದ ಮನುಷ್ಯ ಸಿಗುತ್ತಿರಲಿಲ್ಲ. ಏಪ್ರಿಲ್ 1ರಂದು ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಮೂವತ್ತಕ್ಕೂ ಹೆಚ್ಚು ವಾದಕರು, 14 ಮಂದಿಯ ಗಾಯನವೃಂದ ಸೇರಿತು. ಅಂದು ಮೂರು ಹಾಡುಗಳ ಮೇಲೆ ಹೊಸ ಪದರ ಬಿತ್ತು: ‘ದಿ ಲಾಂಗ್ ಅಂಡ್ ವೈಂಡಿಂಗ್ ರೋಡ್’, ‘ಅಕ್ರಾಸ್ ದಿ ಯೂನಿವರ್ಸ್’, ‘ಐ ಮಿ ಮೈನ್’. ಬೀಟಲ್ಸ್ ಪೈಕಿ ಅಂದು ಅಲ್ಲಿ ನುಡಿಸಿದವರು ಡ್ರಮ್ಮರ್ ರಿಂಗೋ ಸ್ಟಾರ್ ಒಬ್ಬರೇ.

‘ಅಕ್ರಾಸ್ ದಿ ಯೂನಿವರ್ಸ್’ ಬಗ್ಗೆ ಒಂದು ಮಾತು ಹೇಳಲೇಬೇಕು. ಇದರ ಪಲ್ಲವಿಯಲ್ಲಿ ‘ಜೈ ಗುರುದೇವ ಓಂ’ ಎಂಬ ಸಾಲು ಬರುತ್ತದೆ. ಆ ಗುರುದೇವ ಮಹರ್ಷಿ ಮಹೇಶ ಯೋಗಿಯವರ ಗುರು, ಬದರಿಯ ಜ್ಯೋತಿರ್ಮಠದ ಶಂಕರಾಚಾರ್ಯರಾಗಿದ್ದ ಬ್ರಹ್ಮಾನಂದ ಸರಸ್ವತಿ. ಶೃಂಗೇರಿಯಂತೆಯೇ ನಾಲ್ಕು ಆಮ್ನಾಯ ಪೀಠಗಳಲ್ಲಿ ಒಂದು ಅದು. ತಂಡದ ಜಾನ್ ಲೆನ್ನನ್ ಇದನ್ನು 1968ರ ಫೆಬ್ರುವರಿಯಲ್ಲಿ ಹಾಡಿದಾಗ, ಸ್ಟುಡಿಯೋದ ಹೊರಗೆ ಕಾಯುತ್ತಿದ್ದ ಇಬ್ಬರು ಅಭಿಮಾನಿ ಹುಡುಗಿಯರನ್ನು ಒಳಗೆ ಕರೆದು ದನಿಗೂಡಿಸಲು ನಿಲ್ಲಿಸಿದ್ದರು. 1969ರ ಡಿಸೆಂಬರಿನಲ್ಲಿ ವನ್ಯಜೀವಿ ನಿಧಿಗಾಗಿ ಬಂದ ಎಲ್‌ಪಿಯೊಂದರಲ್ಲಿ ಈ ಹಾಡು ಹಕ್ಕಿಗಳ ಸದ್ದಿನೊಂದಿಗೆ, ವೇಗ ಹೆಚ್ಚಿಸಿಕೊಂಡು ಹೊರಬಂತು. ಸ್ಪೆಕ್ಟರ್ ವೇಗ ಇಳಿಸಿದರು, ಹಕ್ಕಿಗಳನ್ನೂ ಹುಡುಗಿಯರನ್ನೂ ತೆಗೆದರು, ವಾದ್ಯವೃಂದ ತುಂಬಿದರು. ಒಂದೇ ಧ್ವನಿಮುದ್ರಣಕ್ಕೆ ಶ್ರುತಿಯೇ ಬೇರೆ ಬೇರೆಯಾದ ರೂಪಗಳು! ಇದರಲ್ಲಿ ಲೆನ್ನನ್ ಹಾಡಿದ ಎತ್ತರ ಯಾವುದು ಎಂದು ಕೇಳುಗ ಕೇಳಿದರೆ ಅದು ಚಾಳಿಯಲ್ಲ, ನ್ಯಾಯವಾದ ಪ್ರಶ್ನೆ.

‘ಐ ಮಿ ಮೈನ್’ ಹಾಡಿನ ಶಸ್ತ್ರಚಿಕಿತ್ಸೆ ಇನ್ನೂ ಆಳದ್ದು. ಧ್ವನಿಮುದ್ರಣ ಒಂದೂವರೆ ನಿಮಿಷದ ಸುಮಾರಿನದು. ಸ್ಪೆಕ್ಟರ್ ಟೇಪಿನ ಒಂದು ಭಾಗವನ್ನು ನಕಲು ಮಾಡಿ ಮತ್ತೆ ಜೋಡಿಸಿ ಎರಡು ನಿಮಿಷ ದಾಟಿಸಿದರು. ತಂತಿವಾದ್ಯ ಸೇರಿಸುವುದು ಬಟ್ಟೆ ತೊಡಿಸಿದಂತೆ, ಇದು ದೇಹವನ್ನೇ ಬೆಳೆಸಿದಂತೆ. ನನ್ನ ಕಿವಿಗೆ ಅದು ಹಾಡನ್ನು ಕೆಡಿಸಲಿಲ್ಲ, ಹಾಡಿಗೆ ಬೇಕಿದ್ದ ಮೈಕಟ್ಟು ಕೊಟ್ಟಿತು.

ಮಕಾರ್ಟ್ನಿ ತಂಡ ಬಿಟ್ಟ ಸುದ್ದಿ ಏಪ್ರಿಲ್ 10ರಂದು ಪತ್ರಿಕೆಗಳಲ್ಲಿ ಬಂತು. ನಾಲ್ಕೇ ದಿನಕ್ಕೆ ಅವರು ವ್ಯವಸ್ಥಾಪಕ ಅಲೆನ್ ಕ್ಲೈನ್‌ಗೆ ಪತ್ರ ಬರೆದರು: ತಮ್ಮ ‘ದಿ ಲಾಂಗ್ ಅಂಡ್ ವೈಂಡಿಂಗ್ ರೋಡ್’ ಹಾಡಿನಲ್ಲಿ ತಂತಿವಾದ್ಯ, ಕಹಳೆ, ಗಾಯನವೃಂದದ ಸದ್ದು ತಗ್ಗಿಸಿ, ಹಾರ್ಪ್ ತೆಗೆಯಿರಿ, ಇನ್ನೊಮ್ಮೆ ಹೀಗೆ ಮಾಡಬೇಡಿ ಎಂದು. ಯಾವುದೂ ಬದಲಾಗಲಿಲ್ಲ. ಪಾಲುದಾರಿಕೆ ಮುರಿಯಲು ಅವರು ಅದೇ ವರ್ಷದ ಕೊನೆಯ ದಿನ ನ್ಯಾಯಾಲಯಕ್ಕೆ ಹೋದಾಗ ಈ ಹಾಡೂ ಅಹವಾಲಿನಲ್ಲಿ ಸೇರಿತ್ತು. ವಿಪರ್ಯಾಸವೆಂದರೆ, ಅವರು ಒಪ್ಪದ ಅದೇ ರೂಪ ಅಮೆರಿಕದಲ್ಲಿ ಬೀಟಲ್ಸ್‌ನ ಕೊನೆಯ ನಂಬರ್ ಒನ್ ಸಿಂಗಲ್ ಆಯಿತು. ಲೆನ್ನನ್ ಮಾತ್ರ ಸ್ಪೆಕ್ಟರ್ ಪರ ನಿಂತರು. ಯಾರೂ ಮುಟ್ಟಲೊಲ್ಲದ ಕೆಟ್ಟ ಟೇಪುಗಳಿಂದ ಆತ ಏನೋ ಒಂದನ್ನು ಮಾಡಿಕೊಟ್ಟ ಎಂಬುದು ಅವರ ನಿಲುವು. ಅಭಿಮಾನಿಗಳ ಎರಡು ಬಣಗಳು ಇಂದಿಗೂ ಆಡುವುದು ಈ ಇಬ್ಬರ ಮಾತುಗಳನ್ನೇ.

ಇಲ್ಲಿ ಸ್ವಲ್ಪ ನಿಂತು ಎರಡು ಪದ ಬಿಡಿಸಿಕೊಳ್ಳಬೇಕು, ಮರುಬಿಡುಗಡೆಯ ಚರ್ಚೆಯಲ್ಲಿ ಅರ್ಧ ಗೊಂದಲ ಇದರಿಂದಲೇ ಬರುತ್ತದೆ. ಅಂದೇ ಮಾಡಿಟ್ಟ ಮಿಕ್ಸನ್ನು ಮುಟ್ಟದೆ, ಆ ಟೇಪನ್ನು ಶುಚಿ ಮಾಡಿ ಸದ್ದಿನ ಹದ ತಿದ್ದಿ ಹೊರತರುವುದು ರೀಮಾಸ್ಟರ್. ಅದಕ್ಕೂ ಹಿಂದೆ ಹೋಗಿ, ಹಾಡು, ಡ್ರಮ್, ಗಿಟಾರ್ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿರುವ ಟೇಪು ತೆರೆದು ಯಾವುದು ಎಷ್ಟು ಕೇಳಬೇಕೆಂದು ಹೊಸದಾಗಿ ತೀರ್ಮಾನಿಸುವುದು ರೀಮಿಕ್ಸ್. ಕುಣಿತದ ತಾಳ ಸೇರಿಸಿದ ರೀಮಿಕ್ಸ್‌ಗೂ ಇದಕ್ಕೂ ಸಂಬಂಧವಿಲ್ಲ. ಮೊದಲನೆಯದು ಕನ್ನಡಕ ಒರೆಸುವ ಕೆಲಸ, ಎರಡನೆಯದು ಚಿತ್ರವನ್ನೇ ಮರಳಿ ಬರೆಯುವುದು.

ಮರಳಿ ಬರೆದದ್ದನ್ನು ಹೇಳದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಇನ್ನೆರಡು ಆಲ್ಬಮ್ ಸಾಕ್ಷಿ. 1987ರಲ್ಲಿ ಬೀಟಲ್ಸ್ ಮೊದಲ ಬಾರಿಗೆ ಸಿ.ಡಿ. ರೂಪದಲ್ಲಿ ಬಂದಾಗ ‘ಹೆಲ್ಪ್!’ ಮತ್ತು ‘ರಬ್ಬರ್ ಸೋಲ್’ ಆಲ್ಬಮ್‌ಗಳನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಹೊಸದಾಗಿ ಮಿಕ್ಸ್ ಮಾಡಿದ್ದರು. ಮುಂದೆ ಪ್ರಧಾನ ಸಿ.ಡಿ.ಗಳೆಲ್ಲ ಅದನ್ನೇ ಹೊತ್ತು ತಂದವು. ಈ ಎರಡು ಬ್ರಿಟಿಷ್ ಆಲ್ಬಮ್‌ಗಳ 1965ರ ಸ್ಟೀರಿಯೋ ಮಿಕ್ಸ್ ಇಡಿಯಾಗಿ ಸಿ.ಡಿ.ಗೆ ಬಂದದ್ದು 2009ರಲ್ಲಿ, ಅದೂ ಮೊನೊ (ಎರಡೂ ಕಿವಿಗೆ ಒಂದೇ ಸದ್ದು ಕೇಳುವ) ರೂಪಗಳ ಸಿ.ಡಿ. ಪೆಟ್ಟಿಗೆಯ ಒಳಗೆ, ಹೆಚ್ಚುವರಿಯಾಗಿ. ಇಪ್ಪತ್ತೆರಡು ವರ್ಷ ಒಂದು ತಲೆಮಾರು 1986ರ ತೀರ್ಮಾನವನ್ನು 1965ರದೆಂದು ನಂಬಿ ಕೇಳಿತು. ಮಾರ್ಟಿನ್ ಅವರ ಕೆಲಸ ಚೆನ್ನಾಗಿಲ್ಲವೆಂದಲ್ಲ. ಹಳೆಯದನ್ನು ಸರಿಸಿ ಅದರ ಜಾಗದಲ್ಲಿ ಹೊಸದನ್ನಿಟ್ಟದ್ದು ತಪ್ಪು.

2003ರ ನವೆಂಬರಿನಲ್ಲಿ ಬಂದ ‘ನೇಕೆಡ್’ ಮೇಲೆ ನನ್ನ ತಕರಾರು ಇದೇ ಜಾತಿಯದು. ಸ್ಪೆಕ್ಟರ್ ಹೊದಿಸಿದ್ದನ್ನೆಲ್ಲ ಕಿತ್ತು ಹಾಡುಗಳನ್ನು ಬೆತ್ತಲೆಯಾಗಿ ಕೊಡುತ್ತೇವೆ ಎಂಬುದು ಅದರ ಭರವಸೆ. ಕೇಳಲು ಸ್ಫುಟವಾಗಿದೆ, ‘ಅಕ್ರಾಸ್ ದಿ ಯೂನಿವರ್ಸ್’ ಅಂತೂ ಕಣ್ಣು ತೇವಗೊಳಿಸುವಷ್ಟು ಹತ್ತಿರಕ್ಕೆ ಬಂತು. ಆದರೆ ‘ಐ ಹ್ಯಾವ್ ಗಾಟ್ ಎ ಫೀಲಿಂಗ್’ ತಾರಸಿಯ ಎರಡು ಟೇಕ್‌ಗಳನ್ನು ಕತ್ತರಿಸಿ ಕೂಡಿಸಿದ್ದು, ‘ಡೋಂಟ್ ಲೆಟ್ ಮಿ ಡೌನ್’ ಕೂಡ ಹಾಗೆಯೇ. ಹರಟೆ, ನಗು ಎಲ್ಲ ಹೋಯಿತು. ಎಲ್ಲಕ್ಕಿಂತ ಮುಖ್ಯವಾಗಿ, ‘ಐ ಮಿ ಮೈನ್’ ಸ್ಪೆಕ್ಟರ್ ಉದ್ದ ಮಾಡಿದ ಅಳತೆಯಲ್ಲೇ ಉಳಿದುಕೊಂಡಿತು! 1969ರಲ್ಲಿ ಆ ಕೋಣೆಯಲ್ಲಿ ಕೇಳಿಸಿದ್ದು ಇದಲ್ಲ. 2003ರ ಕಂಪ್ಯೂಟರಿನಲ್ಲಿ ಶ್ರದ್ಧೆಯಿಂದ ಕಟ್ಟಿದ, 2003ರ ಪಾಠ. ಆ ಹೆಸರು ಇಡದಿದ್ದರೆ ನನಗೆ ಯಾವ ಆಕ್ಷೇಪವೂ ಇರುತ್ತಿರಲಿಲ್ಲ.

ಅದೇ ವರ್ಷದ ಆರಂಭದಲ್ಲಿ ಇನ್ನೊಂದು ಘಟನೆ ನಡೆದಿತ್ತು. ಚಿತ್ರೀಕರಣದ ವೇಳೆ ನಾಗ್ರಾ ಧ್ವನಿಮುದ್ರಣ ಯಂತ್ರಗಳಲ್ಲಿ ಹಿಡಿದಿಟ್ಟಿದ್ದ, ಎಂದೋ ಕಳುವಾಗಿದ್ದ ಸುಮಾರು 500 ಟೇಪುಗಳನ್ನು ಪೊಲೀಸರು ನೆದರ್ಲೆಂಡ್ಸ್‌ನಲ್ಲಿ ವಶಪಡಿಸಿಕೊಂಡರು. ಟ್ವಿಕನಮ್‌ನ ದಿನಗಳಿಗೆ ಬಹುಟ್ರ್ಯಾಕ್ ಟೇಪೇ ಇಲ್ಲ, ಇರುವುದು ಈ ಮೊನೊ ಟೇಪುಗಳಷ್ಟೇ. ಮಾತು, ಗಿಟಾರು, ಡ್ರಮ್ಮು ಎಲ್ಲ ಒಂದೇ ಗೆರೆಯಲ್ಲಿ ಕಲಸಿಹೋಗಿವೆ. ಕ್ಯಾಮೆರಾದವರಿಗೆ ಮಾತು ಕೇಳಿಸಬಾರದೆಂದು ಬೀಟಲ್ಸ್ ಬೇಕೆಂದೇ ಗಿಟಾರ್ ಮೀಟುತ್ತಿದ್ದುದೂ ಉಂಟು.

ಇದೇ ಚಿತ್ರೀಕರಣದಿಂದ ಹೊಸ ಸಾಕ್ಷ್ಯಚಿತ್ರ ಮಾಡಲು ನಿರ್ದೇಶಕ ಪೀಟರ್ ಜಾಕ್ಸನ್ ಸುಮಾರು 60 ಗಂಟೆಯ ಚಿತ್ರಿಕೆ, 150 ಗಂಟೆಯ ಧ್ವನಿ ಹಿಡಿದು ಕೂತಾಗ ಅವರ ತಂಡ ಈ ಗಂಟು ಬಿಡಿಸಲು ‘ಮಾಲ್’ ಎಂಬ ತಂತ್ರಾಂಶ ಕಟ್ಟಿತು. ಬೀಟಲ್ಸ್‌ನ ನಿಷ್ಠಾವಂತ ಸಹಾಯಕ ಮಾಲ್ ಇವಾನ್ಸ್ ನೆನಪಿನಲ್ಲಿ ಇಟ್ಟ ಹೆಸರು. ಇದು ಗಿಟಾರ್ ಹೇಗಿರುತ್ತದೆ, ಮನುಷ್ಯನ ದನಿ ಹೇಗಿರುತ್ತದೆ ಎಂದು ಕಲಿತು ಕಲಸಿದ್ದನ್ನು ಬಿಡಿಸುತ್ತದೆ. ಹ್ಯಾರಿಸನ್ ಹೋದ ಮೇಲೆ ಲೆನ್ನನ್ ಮತ್ತು ಮಕಾರ್ಟ್ನಿ ಕ್ಯಾಂಟೀನಿನಲ್ಲಿ ಆಡಿದ ಖಾಸಗಿ ಮಾತು, ಹೂಕುಂಡದಲ್ಲಿ ಅಡಗಿಸಿದ್ದ ಮೈಕಿಗೆ ಬಿದ್ದದ್ದು, ಐವತ್ತೆರಡು ವರ್ಷದ ಮೇಲೆ 2021ರ ನವೆಂಬರಿನ ಸಾಕ್ಷ್ಯಚಿತ್ರದಲ್ಲಿ ಅರ್ಥವಾಗುವಂತೆ ಕೇಳಿಸಿತು. ಮರುವರ್ಷ ಇದೇ ತಂತ್ರದಿಂದ 1966ರ ‘ರಿವಾಲ್ವರ್’ ಆಲ್ಬಮ್ಮಿನ ನಾಲ್ಕು ಟ್ರ್ಯಾಕ್ ಟೇಪುಗಳನ್ನು ಬಿಡಿಸಿದರು. 2023ರಲ್ಲಿ ಲೆನ್ನನ್ನರ ಹಳೆಯ ಕ್ಯಾಸೆಟ್ಟಿನಿಂದ ಅವರ ದನಿಯನ್ನು ಪಿಯಾನೋದಿಂದ ಬೇರ್ಪಡಿಸಿ ‘ನೌ ಅಂಡ್ ದೆನ್’ ಹಾಡು ತಂದರು.

2021ರ ಅಕ್ಟೋಬರಿನ ‘ಲೆಟ್ ಇಟ್ ಬಿ’ ಪೆಟ್ಟಿಗೆ, ಅಂದರೆ ಹಲವು ರೂಪಗಳನ್ನು ಒಟ್ಟಿಗೆ ಕೊಟ್ಟ ಮರುಬಿಡುಗಡೆ, ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿಗೆ ಹತ್ತಿರ. ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಮತ್ತು ಎಂಜಿನಿಯರ್ ಸ್ಯಾಮ್ ಓಕೆಲ್ ಸ್ಪೆಕ್ಟರ್ ರೂಪವನ್ನು ಅಳಿಸಲಿಲ್ಲ, ಅದರ ಚೌಕಟ್ಟಿನಲ್ಲೇ ಹೊಸ ಮಿಕ್ಸ್ ಮಾಡಿದರು. ಪಕ್ಕದಲ್ಲೇ ಜಾನ್ಸ್ ಅವರ 1969ರ ‘ಗೆಟ್ ಬ್ಯಾಕ್’ ಇಟ್ಟರು. ಎರಡೂ ತಂತಮ್ಮ ಹೆಸರು, ಇಸವಿಯೊಂದಿಗೆ ಒಂದೇ ಕಡೆ ಸಿಕ್ಕವು. ಕೊರತೆಯೂ ಇತ್ತು. ತಾರಸಿಯ ಕಛೇರಿ ಪೂರ್ತಿಯಾಗಿ ಪೆಟ್ಟಿಗೆಯಲ್ಲಿರಲಿಲ್ಲ, 2022ರ ಜನವರಿಯಲ್ಲಿ ಸ್ಟ್ರೀಮಿಂಗ್‌ಗೆ ಬಂತು. ಜಾನ್ಸ್ ಅವರ 1970ರ ರೂಪದಿಂದ ಎರಡು ಹಾಡು ಮಾತ್ರ ದಕ್ಕಿದವು. ದುಬಾರಿ ಬೆಲೆ ಕೊಟ್ಟ ಅಭಿಮಾನಿಗಳು ಗೊಣಗಿದ್ದು ಅತಿಯಾಸೆಯಿಂದಲ್ಲ. ಪಾಠಗಳನ್ನು ಎದುರುಬದುರು ಇಡುತ್ತೇವೆಂದ ಮೇಲೆ ಒಂದನ್ನು ಒಳಗೇ ಉಳಿಸಿಕೊಳ್ಳಬಾರದಿತ್ತು.

ಈ ವ್ಯಾಜ್ಯ ನಿಮ್ಮ ಕಿವಿಗೇ ತಿಳಿಯಬೇಕೆಂದರೆ ‘ದಿ ಲಾಂಗ್ ಅಂಡ್ ವೈಂಡಿಂಗ್ ರೋಡ್’ ಹಾಡನ್ನು ಮೂರು ಸಲ ಕೇಳಿ. ಮೊದಲು 1970ರ ಎಲ್‌ಪಿ. ಆಮೇಲೆ 1996ರ ‘ಆಂಥಾಲಜಿ 3’ ಸಂಕಲನ: ಜನವರಿ 26ರ ಅದೇ ಟೇಕ್, ವಾದ್ಯವೃಂದವಿಲ್ಲದೆ. ಬೇಸ್ ಗಿಟಾರ್ ಹಿಡಿದಿದ್ದವರು ಲೆನ್ನನ್, ಅವರು ಅಲ್ಲಲ್ಲಿ ಎಡವುವುದು ಇಲ್ಲಿ ಬಯಲಿಗೆ ಬೀಳುತ್ತದೆ. ಸ್ಪೆಕ್ಟರ್‌ನ ಪಿಟೀಲುಗಳು ಏನನ್ನು ಮುಚ್ಚುತ್ತಿದ್ದವು ಎಂಬುದೂ ಗೊತ್ತಾಗುತ್ತದೆ. ಮೂರನೆಯದು ‘ನೇಕೆಡ್’, ಜನವರಿ 31ರ ಬೇರೆಯೇ ಟೇಕ್. ಇಷ್ಟು ಕೇಳಿ ಮುಗಿಸಿ, ಮಕಾರ್ಟ್ನಿ 1989–90ರ ವಿಶ್ವಪ್ರವಾಸದಲ್ಲಿ ಇದೇ ಹಾಡು ಹಾಡಿದ ಧ್ವನಿಮುದ್ರಣ ಹಾಕಿ. ಯಾವ ತಂತಿವಾದ್ಯದ ವಿರುದ್ಧ ಅವರು ಪತ್ರ ಬರೆದಿದ್ದರೋ ಅದರದೇ ನಾದ ಅವರ ಬೆನ್ನ ಹಿಂದಿನ ಕೀಬೋರ್ಡಿನಿಂದ ಏಳುತ್ತದೆ.